ಇರುಳಿನ ನೆಂಟರು ಯಾರು?

ಹೋದ ಸಂಚಿಕೆಯಲ್ಲಿ ‘ಹಗಲು’ ಪದದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ‘ಹಾಗಾದ್ರೆ ರಾತ್ರಿಯ ಕಥೆ ಏನು ಟೀಚರ್?’ ಅಂತ ಕೇಳಿ ಬಂದ ಕಾಗದಗಳೇ ಈ ಸಲ ಜಾಸ್ತಿ. ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇಡೀ ಅಂಕಣವನ್ನು ರಾತ್ರಿಗೇ ಬಿಟ್ಟುಕೊಟ್ಟಿದ್ದೇನೆ.

ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಇಂಗ್ಲಿಷಿನಲ್ಲಿ ರಾತ್ರಿ ‘ನೈಟ್’, ಎಂಟು ‘ಏಯ್ಟ್’. ಜರ್ಮನಿನಲ್ಲಿ ನಾಖ್ಟ್, ಆಖ್ಟ್. ಸ್ಪ್ಯಾನಿಷಿನಲ್ಲಿ ನೋಚೆ, ಓಚೊ. ಇಟಾಲಿಯನ್ನಿನಲ್ಲಿ ನೊತ್ತೆ, ಒತ್ತೊ. ಎಲ್ಲ ಕಡೆ ‘ಎನ್’ ಅಕ್ಷರದ ಜೊತೆ ಎಂಟು ಸೇರಿದರೆ ರಾತ್ರಿ. ‘ಎನ್’ ಅನಂತದ ಗುರುತು, 8 ಕೂಡ ಅನಂತದ ಗುರುತು, ಆದ್ದರಿಂದ ರಾತ್ರಿ ಅಂದರೆ ಅನಂತದಲ್ಲಿ ಒಂದಾಗುವುದು ಎಂದಿದೆ. ಇದು ನಿಜವೇ?
— ಓದುಗರೊಬ್ಬರು, ಬೆಂಗಳೂರು

ಪದಗಳ ಪಟ್ಟಿ ನಿಜ. ಕೊಟ್ಟ ಕಾರಣ ಸುಳ್ಳು. ನನಗೂ ಈ ಸಂದೇಶ ನಮ್ಮ ಅಣ್ಣನ ಮಗನಿಂದ ಬಂತು, ಜೊತೆಗೆ ಕೈ ಮುಗಿಯುವ ಚಿತ್ರ ಬೇರೆ. ಆದರೆ ನಿಜವಾದ ಕಾರಣ ಆ ಸಂದೇಶಕ್ಕಿಂತ ಎಷ್ಟೋ ಚೆನ್ನಾಗಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಮ್ಮ ಮನೆಯ ಉದಾಹರಣೆ ನೋಡಿ. ಹಳಗನ್ನಡದಲ್ಲಿ ಪಗಲ್, ಪಾಲ್, ಪತ್ತು ಎನ್ನುತ್ತಿದ್ದರು. ತಮಿಳರು ಇಂದಿಗೂ ಪಗಲ್, ಪಾಲ್, ಪತ್ತು ಅಂತಲೇ ಹೇಳುತ್ತಾರೆ. ಕನ್ನಡದಲ್ಲಿ ಪದದ ಮೊದಲಿನ ‘ಪ’ ಹೋಗಿ ‘ಹ’ ಬಂತು. ಹಗಲು, ಹಾಲು, ಹತ್ತು ಆದವು. ಹಗಲಿಗೂ ಹಾಲಿಗೂ ಹತ್ತಕ್ಕೂ ಏನು ಸಂಬಂಧ? ಏನೂ ಇಲ್ಲ. ಒಂದೇ ದನಿ ಇದ್ದ ಪದಗಳೆಲ್ಲ ಒಂದೇ ರೀತಿ ಬದಲಾದವು, ಅಷ್ಟೇ.

ಯುರೋಪಿನಲ್ಲೂ ಆಗಿದ್ದು ಇದೇ. ಲ್ಯಾಟಿನ್ನಿನಲ್ಲಿ ರಾತ್ರಿಗೆ ‘ನೊಕ್ತೆಂ’, ಎಂಟಕ್ಕೆ ‘ಒಕ್ತೊ’. ಎರಡರಲ್ಲೂ ‘ಕ್ತ’ ಎಂಬ ಒತ್ತಕ್ಷರ ಇದೆ, ಅದರ ಹಿಂದೆ ‘ಒ’ ಇದೆ. ಲ್ಯಾಟಿನ್ನಿನ ಮಕ್ಕಳು ಬೇರೆ ಬೇರೆ ಊರಿಗೆ ಹೋಗಿ ಬೆಳೆದಾಗ ಈ ‘ಕ್ತ’ವನ್ನು ಒಂದೊಂದು ಕಡೆ ಒಂದೊಂದು ರೀತಿ ಸವೆಸಿದರು. ಸ್ಪೇನಿನಲ್ಲಿ ಅದು ‘ಚ’ ಆಯಿತು: ನೋಚೆ, ಓಚೊ. ಇಟಲಿಯಲ್ಲಿ ‘ತ್ತ’ ಆಯಿತು: ನೊತ್ತೆ, ಒತ್ತೊ. ಪೋರ್ಚುಗಲ್ಲಿನಲ್ಲಿ ‘ಯ್ತ’ ಆಯಿತು: ನೋಯ್ತೆ, ಓಯ್ತು.

ಇಲ್ಲಿ ಮೂರನೆಯ ಪದ ಒಂದನ್ನು ತನ್ನಿ. ಲ್ಯಾಟಿನ್ನಿನಲ್ಲಿ ಹಾಲಿಗೆ ‘ಲಾಕ್ತೆಂ’. ಅದರಲ್ಲೂ ‘ಕ್ತ’ ಇದೆ. ಸ್ಪ್ಯಾನಿಷಿನಲ್ಲಿ ಹಾಲು ಏನಾಗಿರಬೇಕು? ಲೆಚೆ. ಇಟಾಲಿಯನ್ನಿನಲ್ಲಿ? ಲಾತ್ತೆ. ಬೆಂಗಳೂರಿನ ಕಾಫಿ ಅಂಗಡಿಯ ಬೋರ್ಡಿನಲ್ಲಿ ಇರುವ ‘ಲಾಟೆ’ ಇದೇ ಪದ. ಪೋರ್ಚುಗೀಸಿನಲ್ಲಿ ಲೇಯ್ತೆ. ನೋಚೆ, ಓಚೊ, ಲೆಚೆ. ನೊತ್ತೆ, ಒತ್ತೊ, ಲಾತ್ತೆ. ರಾತ್ರಿ, ಎಂಟು, ಹಾಲು ಮೂರೂ ಒಂದೇ ದಾರಿಯಲ್ಲಿ ನಡೆದಿವೆ. ಹಾಲಿನಲ್ಲಿ ಅನಂತ ಎಲ್ಲಿಂದ ಬಂತು ಅಂತ ಆ ಸಂದೇಶ ಕಳಿಸಿದವರನ್ನು ಕೇಳಿ ನೋಡಿ.

ಇಂಗ್ಲಿಷಿನಲ್ಲಿ ನೈಟ್ ಬರೆಯುವಾಗ ನಡುವೆ ಜಿ, ಎಚ್ ಎರಡು ಅಕ್ಷರ ಸುಮ್ನೆ ಕೂತಿರುತ್ತವೆ ಅಲ್ವಾ? ಅವು ಒಂದು ಕಾಲದಲ್ಲಿ ಉಚ್ಚಾರವಾಗುತ್ತಿದ್ದವು. ಜರ್ಮನ್ನಿನ ನಾಖ್ಟ್‌ನಲ್ಲಿ ಕೇಳುವ ‘ಖ್’ ದನಿಯೇ ಅಲ್ಲೂ ಇತ್ತು. ಬಾಯಿಂದ ಹೋಯಿತು, ಕಾಗದದಲ್ಲಿ ಉಳಿಯಿತು. ಲೈಟ್, ರೈಟ್, ಏಯ್ಟ್, ಡಾಟರ್ ಎಲ್ಲದರಲ್ಲೂ ಆ ಜೋಡಿ ಇದೆ. ಶಾಲೆಯಲ್ಲಿ ಮಕ್ಕಳಿಗೆ ಈ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುವ ಬದಲು ಈ ಒಂದು ಮಾತು ಹೇಳಿದರೆ ಸಾಕು, ಮರೆಯುವುದಿಲ್ಲ.

ಈಗ ಕೊನೆಯ ಸಾಕ್ಷಿ. ಅದು ನಮ್ಮ ಹತ್ತಿರವೇ ಇದೆ. ಲ್ಯಾಟಿನ್ನಿನ ನೊಕ್ತೆಂಗೆ ಸಂಸ್ಕೃತದ ನೆಂಟ ‘ನಕ್ತ’. ಒಪ್ಪೊತ್ತು ಉಪವಾಸ ಇದ್ದು ರಾತ್ರಿ ಮಾತ್ರ ಊಟ ಮಾಡುವುದಕ್ಕೆ ‘ನಕ್ತ’ ಅನ್ನುತ್ತಾರಲ್ಲ, ಅದೇ. ಋಗ್ವೇದದಲ್ಲಿ ರಾತ್ರಿಯನ್ನೂ ಉಷೆಯನ್ನೂ ಜೋಡಿಯಾಗಿ ‘ನಕ್ತೋಷಾಸಾ’ ಎಂದು ಕರೆದಿದ್ದಾರೆ. ಎಂಟಕ್ಕೆ ಸಂಸ್ಕೃತದಲ್ಲಿ ಏನು? ಅಷ್ಟ. ನಕ್ತ ಮತ್ತು ಅಷ್ಟ. ಎನ್ ಸೇರಿಸಿದರೂ ಕೂಡುವುದಿಲ್ಲ. ಏಕೆಂದರೆ ಈ ಎಲ್ಲ ಭಾಷೆಗಳ ತಾಯಿನುಡಿಯಲ್ಲಿ ‘ಕ’ ಒಂದೇ ಬಗೆಯದಾಗಿರಲಿಲ್ಲ. ರಾತ್ರಿಯ ಪದದಲ್ಲಿದ್ದ ಕ ತುಟಿ ದುಂಡಗೆ ಮಾಡಿ ಹೇಳುವಂಥದ್ದು. ಎಂಟರ ಪದದಲ್ಲಿದ್ದ ಕ ಬಾಯಿಯ ಅಂಗುಳದ ಮುಂಭಾಗದಲ್ಲಿ ಹುಟ್ಟುವಂಥದ್ದು. ಲ್ಯಾಟಿನ್ನಿನಲ್ಲಿ ಆ ವ್ಯತ್ಯಾಸ ‘ತ’ದ ಮುಂದೆ ಅಳಿಸಿಹೋಯಿತು. ಸಂಸ್ಕೃತ ಅದನ್ನು ಉಳಿಸಿಕೊಂಡಿತು. ಯುರೋಪಿನಲ್ಲೇ ಇರುವ ಲಿಥುವೇನಿಯನ್ ಭಾಷೆಯಲ್ಲೂ ರಾತ್ರಿ ‘ನಾಕ್ತಿಸ್’, ಎಂಟು ‘ಅಷ್ಟುವೊನಿ’. ಸಂಸ್ಕೃತದ ಜೊತೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಹೀಗಾಗಿ ರಾತ್ರಿ ಮತ್ತು ಎಂಟು ಹುಟ್ಟಿನಿಂದಲೇ ಬೇರೆ ಬೇರೆ ಪದಗಳು.

ಇನ್ನು ಸ್ಪೇನಿನ ಉತ್ತರ ಭಾಗದಲ್ಲಿರುವ ಬಾಸ್ಕ್ ಭಾಷೆಯಲ್ಲಿ ರಾತ್ರಿ ‘ಗಾವು’, ಎಂಟು ‘ಸೋರ್ತ್ಸಿ’. ಅದು ಈ ಕುಟುಂಬದ ಭಾಷೆಯೇ ಅಲ್ಲ. ಕುಟುಂಬ ಬೇರೆಯಾದ ಕೂಡಲೇ ಆ ಮಾಯಾಜಾಲವೂ ಕರಗಿಹೋಗುತ್ತದೆ.

ನಮ್ಮ ಕಡೆ ತೆಲುಗೂ ಮಾತಾಡುತ್ತೇವೆ. ಅದರಲ್ಲಿ ‘ರೇಯಿ’ ಎಂಬ ಪದ ಇದೆ. ಮಲಯಾಳದಲ್ಲಿ ‘ರಾವು’. ಇವೆಲ್ಲ ಸಂಸ್ಕೃತದ ‘ರಾತ್ರಿ’ಯಿಂದ ಬಂದವು ತಾನೆ? ಕನ್ನಡದ ‘ಇರುಳು’ ಕೂಡ ಹಾಗೇ ಇರಬಹುದಾ?
— ಓದುಗರೊಬ್ಬರು, ಕೋಲಾರ ಜಿಲ್ಲೆ

ಇಲ್ಲ. ಕೇಳಿದ್ದು ಒಳ್ಳೆಯದಾಯಿತು, ಈ ಅನುಮಾನ ತುಂಬ ಜನಕ್ಕಿದೆ.

ಇರುಳು ನಮ್ಮ ದ್ರಾವಿಡ ಬಳಗದ ಸ್ವಂತ ಪದ. ತಮಿಳಿನಲ್ಲಿ ‘ಇರುಳ್’ ಅಂದರೆ ಕತ್ತಲು. ರಾತ್ರಿಗೆ ‘ಇರವು’, ಹಳೆಯ ರೂಪ ‘ಇರಾ’. ತುಳುವಿನಲ್ಲಿ ‘ಇರ್ಲ್’ ಅಂದರೆ ರಾತ್ರಿ. ತೆಲುಗಿನಲ್ಲಿ ‘ಇರುಲು’ ಅಂದರೆ ಕತ್ತಲು. ಕತ್ತಲೆಯ ಅರ್ಥವೇ ಇದರ ಬೇರು. ಕತ್ತಲಾಗುವ ಹೊತ್ತಿಗೆ ಅದೇ ಹೆಸರಾಯಿತು.

ಹಾಗಾದರೆ ರೇಯಿ ಹೇಗೆ ಬಂತು? ತೆಲುಗಿಗೆ ಒಂದು ಅಭ್ಯಾಸ ಇದೆ. ಪದದ ಮೊದಲ ಎರಡು ದನಿಗಳನ್ನು ಅದಲು ಬದಲು ಮಾಡಿಬಿಡುತ್ತದೆ. ಕನ್ನಡದ ಎರಡು, ತಮಿಳಿನ ಇರಂಡು, ತೆಲುಗಿನಲ್ಲಿ ರೆಂಡು. ಕನ್ನಡದ ಒರಳು, ತಮಿಳಿನ ಉರಲ್, ತೆಲುಗಿನಲ್ಲಿ ರೋಲು. ನಿಮ್ಮ ಮನೆಯ ಹಿತ್ತಿಲಲ್ಲಿ ಒರಳುಕಲ್ಲು ಇದ್ದರೆ ಕನ್ನಡದವರು ಒಂದು ಹೆಸರು, ತೆಲುಗಿನವರು ಇನ್ನೊಂದು ಹೆಸರು ಹೇಳುತ್ತಾರೆ, ಎರಡೂ ಒಂದೇ ಪದ. ಅದೇ ರೀತಿ ಇರವು ತಿರುಗಿ ರೇ, ರೇಯಿ ಆಯಿತು. ನಾವು ‘ಹಗಲಿರುಳು’ ಅನ್ನುವ ಕಡೆ ಅವರು ‘ರೇಯಿಂಬವಳ್ಳು’ ಅನ್ನುತ್ತಾರೆ. ಒಳಗಿರುವ ಎರಡು ಪದಗಳೂ ನಮ್ಮವೇ. ಅವರು ಇರುಳನ್ನು ಮುಂದಿಟ್ಟರು, ನಾವು ಹಗಲನ್ನು ಮುಂದಿಟ್ಟೆವು.

ಮಲಯಾಳದ ದಾರಿ ಇನ್ನೂ ಸುಲಭ. ಅವರು ಮೊದಲಿನ ‘ಇ’ ಬಿಟ್ಟುಬಿಟ್ಟರು. ಇರಂಡು ಹೋಗಿ ರಂಡು ಆಯಿತು. ಇರವು ಹೋಗಿ ರಾವು ಆಯಿತು. ಸಂಸ್ಕೃತದ ರಾತ್ರಿಯ ‘ರಾ’ ಜೊತೆ ಅದು ಹೊಂದಿದ್ದು ಆಕಸ್ಮಿಕ. ಇನ್ನೊಂದು ಸ್ವಾರಸ್ಯ ಇದೆ. ಮಲಯಾಳದಲ್ಲಿ ‘ರಾವಿಲೆ’ ಅಂದರೆ ಬೆಳಿಗ್ಗೆ! ರಾವು ಪದದಿಂದಲೇ ಹುಟ್ಟಿದ್ದು. ಕತ್ತಲು ಇರುವಾಗಲೇ ಎದ್ದು ಕೆಲಸ ಶುರು ಮಾಡುವವರ ಮಾತು ಅದು. ನಾನು ಹುಟ್ಟಿದ್ದು ನಾಗಮಂಗಲ ಕಡೆ. ನಮ್ಮಲ್ಲೂ ‘ಮಬ್ಬಲ್ಲೇ ಎದ್ದು ಹೊರಟ’ ಅಂತಾರೆ. ಮಬ್ಬು ಕತ್ತಲೆಯೇ, ಆದರೆ ಅರ್ಥ ಬೆಳಿಗ್ಗೆ.

ಒಂದು ಪದ ನಮ್ಮದೋ ಹೊರಗಿನದೋ ಅಂತ ನೋಡಬೇಕಾದರೆ ಆ ಪದ ಒಂದನ್ನೇ ಹಿಡಿದು ನೋಡಬಾರದು. ಅದೇ ದನಿ ಇರುವ ಬೇರೆ ಪದಗಳು ಏನಾಗಿವೆ ಅಂತ ನೋಡಬೇಕು. ಎರಡು–ರೆಂಡು, ಒರಳು–ರೋಲು ಇಲ್ಲದಿದ್ದರೆ ರೇಯಿಯ ಗುಟ್ಟು ತಿಳಿಯುತ್ತಿರಲಿಲ್ಲ.

ಹಾಗಂತ ‘ರಾತ್ರಿ’ಯನ್ನು ಹೊರಗಿನದು ಅಂತ ದೂರ ಇಡಬೇಕಾಗಿಲ್ಲ. ರಾತ್ರಿ ಊಟ, ರಾತ್ರಿ ಬಸ್ಸು, ರಾತ್ರಿ ಪಾಳಿ ಎಲ್ಲ ಕನ್ನಡವೇ. ನನ್ನ ಸಂಕಟ ಬೇರೆ. ಇರುಳು ಪದ ಕವಿತೆಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಪುತ್ತೂರಿನಲ್ಲಿ ಪಾಠ ಮಾಡುವಾಗ ಹವ್ಯಕ ಮನೆಯ ಮಕ್ಕಳ ಬಾಯಲ್ಲಿ ಇರುಳು ದಿನಬಳಕೆಯ ಮಾತಾಗಿತ್ತು. ಇರುಳು ಊಟ, ಇರುಳು ನಿದ್ದೆ ಅಂತ ಸಹಜವಾಗಿ ಹೇಳುತ್ತಿದ್ದರು. ಕೆಲವರು ‘ರಾತ್ರಿ ಅಂತ ಬರೆಯಬೇಕಾ ಟೀಚರ್?’ ಅಂತ ಹಿಂಜರಿಯುತ್ತಿದ್ದರು. ಇರುಳು ಅಂತಲೇ ಬರೆಯಿರಿ ಅಂತ ಹೇಳುತ್ತಿದ್ದೆ. ಆಸ್ಪತ್ರೆಯಲ್ಲೂ ಈ ಪದ ಬದುಕಿದೆ. ವಿಟಮಿನ್ ಎ ಕಡಿಮೆಯಾಗಿ ಮಬ್ಬುಗತ್ತಲಲ್ಲಿ ಕಣ್ಣು ಕಾಣದಿರುವುದಕ್ಕೆ ‘ಇರುಳುಗಣ್ಣು’, ‘ಇರುಳುಗುರುಡು’ ಅನ್ನುತ್ತೇವೆ. 9 ತಿಂಗಳಿಂದ 5 ವರ್ಷದ ಮಕ್ಕಳಿಗೆ 6 ತಿಂಗಳಿಗೊಮ್ಮೆ ವಿಟಮಿನ್ ಎ ದ್ರಾವಣ ಕುಡಿಸುವುದು ಇದನ್ನು ತಡೆಯುವುದಕ್ಕೇ.

ಮಗಳು ಹುಟ್ಟಿದ್ದಾಳೆ. ‘ನಿಶಾ’ ಅಂತ ಹೆಸರಿಡಬೇಕು ಅಂತ ನನಗೆ ಆಸೆ. ಕತ್ತಲು ಅಂತ ಅರ್ಥ ಬರುವ ಹೆಸರು ಬೇಡ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಹುಬ್ಬಳ್ಳಿ

ಮಗುವಿಗೆ ಒಳ್ಳೆಯದಾಗಲಿ ತಾಯಿ. ಅತ್ತೆಯವರ ಜೊತೆ ಜಗಳ ಬೇಡ, ಇದನ್ನು ಓದಿ ಹೇಳಿ.

ಸಂಸ್ಕೃತದ ಹಳೆಯ ನಿಘಂಟು ಅಮರಕೋಶದಲ್ಲಿ ರಾತ್ರಿಗೆ 12 ಹೆಸರು ಇವೆ. ಶರ್ವರೀ, ನಿಶಾ, ನಿಶೀಥಿನೀ, ರಾತ್ರಿ, ತ್ರಿಯಾಮಾ, ಕ್ಷಣದಾ, ಕ್ಷಪಾ, ವಿಭಾವರೀ, ತಮಸ್ವಿನೀ, ರಜನೀ, ಯಾಮಿನೀ, ತಮೀ. ಇವುಗಳಲ್ಲಿ ಕತ್ತಲು ಅಂತ ನೇರವಾಗಿ ಹೇಳುವುದು ತಮಸ್ವಿನೀ, ತಮೀ ಮಾತ್ರ. ವಿಭಾವರಿ ಅಂದರೆ ಹೊಳೆಯುವವಳು. ಕ್ಷಣದಾ ಅಂದರೆ ಬಿಡುವು ಕೊಡುವವಳು. ಕ್ಷಣ ಪದಕ್ಕೆ ಬಿಡುವು, ಸಡಗರ ಎಂಬ ಅರ್ಥವೂ ಇದೆ. ರಜನಿ ಬಣ್ಣಕ್ಕೆ ಸಂಬಂಧಪಟ್ಟ ಪದ. ಶರ್ವರಿಯ ಹತ್ತಿರದ ‘ಶಾರ್ವರಿ’ ನಮ್ಮ 60 ಸಂವತ್ಸರಗಳಲ್ಲಿ ಒಂದು, 2020ರ ಯುಗಾದಿಗೆ ಶುರುವಾಯಿತಲ್ಲ ಅದು.

ಅತ್ತೆಯವರಿಗೆ ಇಷ್ಟವಾಗುವ ಮಾತು ಈಗ ಹೇಳುತ್ತೇನೆ. ನಿಶಾ ಅಂದರೆ ಅರಿಶಿನ ಕೂಡ! ರಾತ್ರಿಯ ಹೆಸರುಗಳು ಅರಿಶಿನಕ್ಕೂ ಹೆಸರು ಅಂತ ಅದೇ ಅಮರಕೋಶ ಹೇಳುತ್ತದೆ. ಆಯುರ್ವೇದದ ಅಂಗಡಿಯಲ್ಲಿ ‘ನಿಶಾಮಲಕಿ ಚೂರ್ಣ’ ಸಿಗುತ್ತದೆ. ಡಬ್ಬಿಯ ಹಿಂದೆ ತಿರುಗಿಸಿ ಓದಿ. ಅರಿಶಿನ ಮತ್ತು ನೆಲ್ಲಿಕಾಯಿ, ಎರಡೇ ಇರುವುದು. ಆ ನಿಶಾ ಅರಿಶಿನ. ಹೆಣ್ಣುಮಗುವಿಗೆ ಅರಿಶಿನದ ಹೆಸರು ಬೇಡ ಅನ್ನುವ ಅಜ್ಜಿ ಯಾರಿದ್ದಾರೆ?

ಇನ್ನು ಕ್ಷಪಾ ಪದದ ನೆಂಟರು ಇರಾನಿನಲ್ಲಿದ್ದಾರೆ. ಪಾರ್ಸಿಯ ‘ಶಬ್’ ಅಂದರೆ ರಾತ್ರಿ. ಕ್ಷಪಾ, ಶಬ್ ಎರಡೂ ಒಂದೇ ಬೇರಿನವು. ನಮ್ಮ ಊರುಗಳಲ್ಲಿ ಆಚರಿಸುವ ‘ಶಬೇ ಬರಾತ್’ನಲ್ಲಿ ಇರುವುದು ಅದೇ ಶಬ್. ‘ಶಬನಮ್’ ಹೆಸರಿನಲ್ಲೂ ಅದೇ. ಶಬ್ ಅಂದರೆ ರಾತ್ರಿ, ನಮ್ ಅಂದರೆ ತೇವ. ಎರಡೂ ಸೇರಿ ಮಂಜಿನ ಹನಿ. ಅರಬ್ಬಿಯಲ್ಲಿ ರಾತ್ರಿ ‘ಲೈಲ್’. ಲೈಲಾ ಎಂಬ ಹೆಸರು ಬಂದಿದ್ದು ಅಲ್ಲಿಂದ. ರಾತ್ರಿಯ ಹೆಸರನ್ನು ಮಗಳಿಗೆ ಪ್ರೀತಿಯಿಂದ ಇಟ್ಟವರು ಎಷ್ಟು ದೇಶಗಳಲ್ಲಿ ಇದ್ದಾರೆ ನೋಡಿ.

ರಾತ್ರಿ ಎಂಬ ಪದಕ್ಕೇ ಯಾಸ್ಕ ‘ನಿರುಕ್ತ’ದಲ್ಲಿ, ಅಂದರೆ ವೇದದ ಪದಗಳ ಮೂಲ ಹೇಳುವ ತನ್ನ ಹಳೆಯ ಗ್ರಂಥದಲ್ಲಿ, ಎರಡು ವಿವರಣೆ ಕೊಟ್ಟಿದ್ದಾನೆ. ಇರುಳಲ್ಲಿ ತಿರುಗುವ ಜೀವಿಗಳಿಗೆ ಸಂತೋಷ ಕೊಟ್ಟು ಉಳಿದವನ್ನು ಸುಮ್ಮನಿರಿಸುವವಳು ಅಂತ ಒಂದು. ಮಂಜನ್ನು ಕೊಡುವವಳು ಅಂತ ಇನ್ನೊಂದು. ಇಂದಿನ ಭಾಷಾಶಾಸ್ತ್ರದ ಲೆಕ್ಕಕ್ಕೆ ಇವು ನಿಲ್ಲುತ್ತವೋ ಇಲ್ಲವೋ, ಆ ಎರಡು ಮಾತು ನನಗೆ ತುಂಬ ಪ್ರೀತಿ. ನಿಶಾ ಅಂತಲೇ ಇಡಿ.

ಒಂಬತ್ತು ದಿನ ಹಬ್ಬ ಮಾಡಿ ‘ನವರಾತ್ರಿ’ ಅನ್ನುತ್ತೇವೆ. ನವದಿನ ಅಂತ ಯಾಕಿಲ್ಲ?
— ಓದುಗರೊಬ್ಬರು, ಮೈಸೂರು

ಹಿಂದಿನವರು ದಿನಗಳನ್ನು ಎಣಿಸುವಾಗ ರಾತ್ರಿಗಳನ್ನೂ ಎಣಿಸುತ್ತಿದ್ದರು. ಸಂಸ್ಕೃತದಲ್ಲಿ ‘ತ್ರಿರಾತ್ರ’ ಅಂದರೆ ಮೂರು ದಿನದ ಅವಧಿ. ಚಂದ್ರನನ್ನು ನೋಡಿ ತಿಂಗಳು ಲೆಕ್ಕ ಹಾಕುವವರಿಗೆ ರಾತ್ರಿ ಎಣಿಸುವುದೇ ಸುಲಭ. ಜರ್ಮನ್ ಬುಡಕಟ್ಟುಗಳು ಹಗಲುಗಳನ್ನಲ್ಲ, ರಾತ್ರಿಗಳನ್ನು ಎಣಿಸುತ್ತಾರೆ ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಮೊದಲನೆಯ ಶತಮಾನದ ಕೊನೆಯಲ್ಲಿ ಬರೆದಿದ್ದಾನೆ. ಇಂಗ್ಲಿಷಿನ ‘ಫೋರ್ಟ್‌ನೈಟ್’ ಕೂಡ 14 ರಾತ್ರಿ ಎಂಬ ಮಾತು ಸವೆದು ಆದದ್ದು. ನಮ್ಮ ಪಾಕ್ಷಿಕ ಪತ್ರಿಕೆಗಳನ್ನು ಅವರು ಕರೆಯುವುದು ಆ ಪದದಿಂದಲೇ.

ಗಡಿಯಾರದಲ್ಲಿ 2 ಗಂಟೆ. ಅದನ್ನು ರಾತ್ರಿ 2 ಅನ್ನಬೇಕೋ ಬೆಳಗಿನ ಜಾವ 2 ಅನ್ನಬೇಕೋ? ಮನೆಯಲ್ಲಿ ಇದೇ ವಾದ.
— ಓದುಗರೊಬ್ಬರು, ದಾವಣಗೆರೆ

ಜಾವ ಅಂದರೆ ಸಂಸ್ಕೃತದ ‘ಯಾಮ’. ಒಂದು ಯಾಮಕ್ಕೆ 3 ಗಂಟೆ, ದಿನಕ್ಕೆ 8 ಯಾಮ. ಶಿವರಾತ್ರಿಯಲ್ಲಿ ನಾಲ್ಕು ಯಾಮದ ಪೂಜೆ ಮಾಡುತ್ತಾರಲ್ಲ, ಇಡೀ ರಾತ್ರಿ ಆಯಿತು. ಹಾಗೆ ನೋಡಿದರೆ ರಾತ್ರಿಯ ಕೊನೆಯ ಜಾವ ಸುಮಾರು 3 ಗಂಟೆಗೆ ಶುರು. 2 ಗಂಟೆ ಇನ್ನೂ ರಾತ್ರಿಯೇ. ‘ಸರಿರಾತ್ರಿ’, ‘ಸರೊತ್ತು’ ಅನ್ನುವುದು ಇದಕ್ಕೆ ಹೊಂದುತ್ತದೆ. 3 ದಾಟಿದರೆ ಬೆಳಗಿನ ಜಾವ. 5ರ ಸುಮಾರಿಗೆ ನಿಮ್ಮ ಉತ್ತರದ ಕಡೆಯವರು ‘ನಸುಕು’ ಅನ್ನುತ್ತಾರೆ, ನಮ್ಮವರು ‘ಮಬ್ಬು’ ಅನ್ನುತ್ತಾರೆ. ಇಷ್ಟು ಚೆನ್ನಾದ ಪದಗಳು ಇರುವಾಗ ‘ಮುಂಜಾನೆ 2 ಗಂಟೆಗೆ ಅಪಘಾತ’ ಅಂತ ಸುದ್ದಿಯಲ್ಲಿ ಬಂದರೆ ನನಗೆ ಬೇಜಾರಾಗುತ್ತದೆ.

ವಾದ ಬರುವುದು ದಿನ ಎಲ್ಲಿ ಶುರು ಎಂಬ ಕಡೆ. ಪಂಚಾಂಗಕ್ಕೆ ಸೂರ್ಯ ಹುಟ್ಟಿದಾಗ ದಿನ ಶುರು. ಮುಸ್ಲಿಮರ ಲೆಕ್ಕದಲ್ಲಿ ಸೂರ್ಯ ಮುಳುಗಿದಾಗ. ರೈಲ್ವೆಗೆ ಮಧ್ಯರಾತ್ರಿ 12ಕ್ಕೆ. ‘ಶನಿವಾರ ರಾತ್ರಿ 12.20ರ ರೈಲು’ ಅಂತ ಬಾಯಲ್ಲಿ ಹೇಳುತ್ತೇವೆ, ಟಿಕೆಟ್ಟಿನಲ್ಲಿ ಇರಬೇಕಾದ್ದು ಭಾನುವಾರದ ತಾರೀಖು. ದಯವಿಟ್ಟು ಬುಕ್ ಮಾಡುವ ಮೊದಲು ತಾರೀಖನ್ನು ಇನ್ನೊಮ್ಮೆ ನೋಡಿ. ಪೂರ್ವ ಆಫ್ರಿಕಾದ ಸ್ವಾಹಿಲಿ ಮಾತಾಡುವವರು ಇನ್ನೂ ಬೇರೆ. ಅವರ ‘ರಾತ್ರಿ 1 ಗಂಟೆ’ ಅಂದರೆ ನಮ್ಮ ಸಂಜೆ 7. ಕತ್ತಲಾದ ಮೇಲೆ ಒಂದು ಗಂಟೆ ಕಳೆಯಿತು ಅಂತ ಲೆಕ್ಕ.

‘ಶುಭರಾತ್ರಿ’ ಬರುವ ಮೊದಲು ಕನ್ನಡದವರು ಏನು ಹೇಳುತ್ತಿದ್ದರು?
— ಓದುಗರೊಬ್ಬರು, ಶಿವಮೊಗ್ಗ

‘ಹೊತ್ತಾಯ್ತು, ಮಲಕ್ಕೊಳ್ಳಿ’ ಅನ್ನುತ್ತಿದ್ದರು. ‘ಬೆಳಿಗ್ಗೆ ಮಾತಾಡೋಣ’ ಅನ್ನುತ್ತಿದ್ದರು. ಹೊರಟವರು ‘ಬರ್ತೀನಿ’ ಅಂದರೆ, ಕಳಿಸುವವರು ‘ಕತ್ತಲು, ನೋಡ್ಕೊಂಡು ಹೋಗಿ’ ಅನ್ನುತ್ತಿದ್ದರು. ಶುಭರಾತ್ರಿ ಇಂಗ್ಲಿಷಿನ ಗುಡ್ ನೈಟ್ ನೋಡಿ ಮಾಡಿಕೊಂಡ ಪದ. ರೇಡಿಯೋದಲ್ಲಿ, ಟೀವಿಯಲ್ಲಿ ಅದು ಚೆಂದವೇ. ಮನೆಯೊಳಗೆ ನನಗೆ ಹಳೆಯದೇ ಇಷ್ಟ.

ಟೀಚರ್, ‘ಈರುಳ್ಳಿ’ಯಲ್ಲಿ ಇರುಳು ಇದೆಯಾ?
— 7ನೇ ತರಗತಿ ವಿದ್ಯಾರ್ಥಿನಿ, ಹಾಸನ

ಇಲ್ಲ ಮಗೂ, ಆದರೆ ಪ್ರಶ್ನೆ ಜಾಣತನದ್ದು. ಅಲ್ಲಿರುವ ಪದ ‘ಉಳ್ಳಿ’. ಕರಾವಳಿಯಲ್ಲಿ ಇಂದಿಗೂ ‘ನೀರುಳ್ಳಿ’ ಅನ್ನುತ್ತಾರೆ, ನೀರು ಜಾಸ್ತಿ ಇರುವ ಉಳ್ಳಿ. ಬಿಳಿಯ ಉಳ್ಳಿ ಬೆಳ್ಳುಳ್ಳಿ. ತೆಲುಗಿನಲ್ಲಿ ಈರುಳ್ಳಿಗೆ ‘ಉಲ್ಲಿ’ ಅಂದರೆ ಸಾಕು. ನಿಮ್ಮ ತರಗತಿಯಲ್ಲಿ ತುಳು, ತೆಲುಗು, ತಮಿಳು, ಉರ್ದು ಮನೆಯ ಮಕ್ಕಳಿದ್ದರೆ ರಾತ್ರಿಗೂ ಈರುಳ್ಳಿಗೂ ಅವರ ಮನೆಯಲ್ಲಿ ಏನು ಹೇಳುತ್ತಾರೆ ಅಂತ ಕೇಳಿ ಬರೆದು ಕಳಿಸು. ಹೆಸರು ಕೇಳಿದ ಹಾಗೇ ಬರೆ, ತಿದ್ದಬೇಡ.